ಫಲಿತಾಂಶದ ಶೇಕಡಾವಾರು ಮತ್ತು ನಗರದ ಸರ್ಕಾರಿ ಪ್ರೌಢಶಾಲೆ

ನಗರದ ಸರ್ಕಾರಿ ಪ್ರೌಢಶಾಲೆ ಹೇಗಿದೆ ಎಂದು ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದು ಸಂಖ್ಯೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕುಳಿತ ಮಕ್ಕಳಲ್ಲಿ ನೂರಕ್ಕೆ ಎಷ್ಟು ಮಂದಿ ಪಾಸಾದರು ಎಂಬುದೇ ಆ ಸಂಖ್ಯೆ. ಇಲಾಖೆಯ ಪರಿಶೀಲನಾ ಸಭೆಗಳಲ್ಲಿ ಮುಖ್ಯ ಶಿಕ್ಷಕರು ಉತ್ತರ ಕೊಡಬೇಕಾದದ್ದು ಇದಕ್ಕೆ, ಪತ್ರಿಕೆಗಳು ಜಿಲ್ಲೆಗಳನ್ನು ಮೇಲೆ ಕೆಳಗೆ ಜೋಡಿಸುವುದು ಇದರಿಂದ, ಪೋಷಕರು ಮಗುವನ್ನು ಎಲ್ಲಿ ಸೇರಿಸಬೇಕೆಂದು ತೀರ್ಮಾನಿಸುವಾಗ ನೆನಪಿಸಿಕೊಳ್ಳುವುದೂ ಇದನ್ನೇ. ಈ ರೂಢಿಯ ಹಿಂದಿರುವ ನಂಬಿಕೆ ಸರಳ: ಫಲಿತಾಂಶ ಹೆಚ್ಚಿದ್ದರೆ ಶಾಲೆ ಒಳ್ಳೆಯದು, ಕಡಿಮೆಯಿದ್ದರೆ ಅಲ್ಲಿ ಪಾಠ ಸರಿಯಾಗಿ ನಡೆಯುತ್ತಿಲ್ಲ.

ಈ ನಂಬಿಕೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ರಾಜ್ಯದ ಎಲ್ಲ ಮಕ್ಕಳಿಗೂ ಪ್ರಶ್ನೆಪತ್ರಿಕೆ ಒಂದೇ. ಉತ್ತರಪತ್ರಿಕೆಗಳನ್ನು ತಿದ್ದುವವರು ಆ ಮಕ್ಕಳಿಗೆ ಪಾಠ ಹೇಳಿದ ಶಿಕ್ಷಕರಲ್ಲ. ಸರ್ಕಾರಿ ಶಾಲೆ ನಡೆಯುವುದು ಸಾರ್ವಜನಿಕರ ಹಣದಿಂದ, ಆದ್ದರಿಂದ ಲೆಕ್ಕ ಕೇಳುವ ಹಕ್ಕು ಸಾರ್ವಜನಿಕರಿಗಿದೆ. ಬಡ ಮಕ್ಕಳು ಎಂಬ ಕಾರಣ ಮುಂದಿಟ್ಟರೆ ಬೇಜವಾಬ್ದಾರಿಗೆ ರಹದಾರಿ ಸಿಕ್ಕಂತಾಗುತ್ತದೆ ಎಂಬ ಆತಂಕವೂ ಸುಳ್ಳಲ್ಲ. ಅಂಕಿಅಂಶಗಳೂ ಮೇಲ್ನೋಟಕ್ಕೆ ಇದೇ ವಾದದ ಕಡೆಗಿವೆ. 2024ರ ಪರೀಕ್ಷೆ-1ರಲ್ಲಿ (ಒಂದೇ ವರ್ಷದಲ್ಲಿ ನಡೆಯುವ ಎಸ್ಸೆಸ್ಸೆಲ್ಸಿ ಪರೀಕ್ಷೆಗಳಲ್ಲಿ ಮೊದಲನೆಯದು) ಸರ್ಕಾರಿ ಶಾಲೆಗಳ ಫಲಿತಾಂಶ ಶೇ. 72.46 ಇದ್ದರೆ ಅನುದಾನರಹಿತ ಖಾಸಗಿ ಶಾಲೆಗಳದ್ದು ಶೇ. 86.46. ಹದಿನಾಲ್ಕು ಅಂಶಗಳ ಈ ಅಂತರ ಬೋಧನೆಯ ಅಂತರವೇ ಅಲ್ಲವೇ? ಅಲ್ಲ, ಅಥವಾ ಎಷ್ಟರ ಮಟ್ಟಿಗೆ ಹೌದು ಎಂಬುದನ್ನು ಈ ಸಂಖ್ಯೆಯೊಂದರಿಂದಲೇ ಹೇಳಲು ಬರುವುದಿಲ್ಲ. ಶಾಲೆಯ ಫಲಿತಾಂಶವೆನ್ನುವ ಅಂಕಿಯೊಳಗೆ ನಾಲ್ಕು ಬೇರೆ ಬೇರೆ ಸಂಗತಿಗಳು ಕಲೆತಿವೆ. ಪರೀಕ್ಷೆಯ ಆ ವರ್ಷದ ನಿಯಮ ಒಂದು, ಪರೀಕ್ಷೆಗೆ ಕುಳಿತವರು ಯಾರು ಎಂಬುದು ಇನ್ನೊಂದು, ಶಾಲೆಗೆ ಸೇರಿದವರು ಯಾರು ಎಂಬುದು ಮೂರನೆಯದು, ಶಾಲೆ ಅವರಿಗೆ ಏನು ಕಲಿಸಿತು ಎಂಬುದು ನಾಲ್ಕನೆಯದು. ಸಾರ್ವಜನಿಕ ಚರ್ಚೆ ಮೊದಲ ಮೂರನ್ನೂ ನಾಲ್ಕನೆಯದರ ಖಾತೆಗೆ ಬರೆದುಬಿಡುತ್ತದೆ.

ಮೊದಲು ನಿಯಮದ ಮಾತು. ಕರ್ನಾಟಕದ ಎಸ್ಸೆಸ್ಸೆಲ್ಸಿ ಫಲಿತಾಂಶ 2019ರಲ್ಲಿ ಶೇ. 73.70, 2020ರಲ್ಲಿ ಶೇ. 71.80. ಕೋವಿಡ್ ಕಾಲದ 2021ರಲ್ಲಿ ಎರಡೇ ದಿನ ಬಹು ಆಯ್ಕೆಯ ಪ್ರಶ್ನೆಗಳ ಪರೀಕ್ಷೆ ನಡೆದು ಒಬ್ಬರ ಹೊರತು ಎಲ್ಲರೂ ಪಾಸಾದರು. 2022ರಲ್ಲಿ ಶೇ. 85.63, 2023ರಲ್ಲಿ ಶೇ. 83.89. ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮೂಲಕ ನಿಗಾ ಇಟ್ಟ 2024ರಲ್ಲಿ ಅದು ಶೇ. 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿ, ಅದನ್ನು ಪಡೆಯಲು ಬೇಕಾದ ಅರ್ಹತಾ ಅಂಕವನ್ನು ಶೇ. 35ರಿಂದ 25ಕ್ಕೆ ಇಳಿಸಿದ ಮೇಲೆ. ಕೃಪಾಂಕ ನಿಂತ 2025ರ ಪರೀಕ್ಷೆ-1ರಲ್ಲಿ ಫಲಿತಾಂಶ ಶೇ. 62.34. ಎರಡು ವರ್ಷಗಳಲ್ಲಿ ಇಪ್ಪತ್ತೊಂದಕ್ಕೂ ಹೆಚ್ಚು ಅಂಶ ಕುಸಿದಿದೆ. ಈ ಎರಡು ವರ್ಷಗಳಲ್ಲಿ ರಾಜ್ಯದ ಶಿಕ್ಷಕರು ಪಾಠ ಹೇಳುವುದನ್ನು ಮರೆತರು ಎಂದು ಯಾರೂ ವಾದಿಸಲಾರರು. ಬದಲಾದದ್ದು ಕಾವಲು ಮತ್ತು ಕೃಪೆ. ಹೀಗಿದ್ದೂ ಒಂದು ಶಾಲೆಯ ಫಲಿತಾಂಶ ಅದೇ ಪ್ರಮಾಣದಲ್ಲಿ ಇಳಿದಾಗ ಅಲ್ಲಿನ ಶಿಕ್ಷಕರಿಂದ ವಿವರಣೆ ಕೇಳಲಾಗುತ್ತದೆ. ಅಕ್ರಮ ಹೆಚ್ಚಿದ್ದ ಕೇಂದ್ರದ ಮಕ್ಕಳ ಫಲಿತಾಂಶ ಹೆಚ್ಚು ಕುಸಿದಿರಬಹುದು, ಪ್ರಾಮಾಣಿಕವಾಗಿ ನಡೆದ ಕೇಂದ್ರದ್ದು ಕಡಿಮೆ ಕುಸಿದಿರಬಹುದು. ಹಿಂದಿನ ವರ್ಷದ ಸಂಖ್ಯೆಗೆ ಹೋಲಿಸಿ ಶಹಭಾಸ್ ಅಥವಾ ನೋಟಿಸ್ ಕೊಡುವ ಪದ್ಧತಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ. 2025ರ ಅಕ್ಟೋಬರ್‌ನಲ್ಲಿ ಉತ್ತೀರ್ಣದ ಮಟ್ಟವನ್ನು ಶೇ. 35ರಿಂದ 33ಕ್ಕೆ ಇಳಿಸುವ ನಿರ್ಧಾರ ಪ್ರಕಟವಾಯಿತು. ಇನ್ನು ಮುಂದಿನ ಸಂಖ್ಯೆಗಳನ್ನು ಹಿಂದಿನವುಗಳ ಪಕ್ಕ ಇಡುವುದೂ ಕಷ್ಟ.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಗೆರೆಯದ್ದು. ಪಾಸು ಎಂಬುದು ಒಂದು ಗೆರೆ, ಅದರ ಆಚೆಗೋ ಈಚೆಗೋ ಎಂಬುದಷ್ಟೇ ಲೆಕ್ಕಕ್ಕೆ ಬರುತ್ತದೆ. ಎಂಟನೇ ತರಗತಿಗೆ ಬರುವಾಗ ಕೂಡಿಸಿ ಕಳೆಯುವ ಲೆಕ್ಕವೂ ಬಾರದಿದ್ದ ಹುಡುಗ ಮೂರು ವರ್ಷಗಳಲ್ಲಿ ಗಣಿತದಲ್ಲಿ 28 ಅಂಕ ಪಡೆಯುವ ಮಟ್ಟಕ್ಕೆ ಬಂದರೆ ಅದು ಶಿಕ್ಷಕರ ದೊಡ್ಡ ಸಾಧನೆ. ಫಲಿತಾಂಶದ ಪಟ್ಟಿಯಲ್ಲಿ ಅದರ ಬೆಲೆ ಸೊನ್ನೆ. ಎಂಟನೇ ತರಗತಿಯಲ್ಲೇ ತೊಂಬತ್ತು ಅಂಕ ಪಡೆಯಬಲ್ಲವಳಾಗಿದ್ದ ಹುಡುಗಿ ಹತ್ತನೇ ತರಗತಿಯಲ್ಲಿ ಎಪ್ಪತ್ತಕ್ಕೆ ಇಳಿದರೆ ಅದು ಶಾಲೆಯ ವೈಫಲ್ಯ. ಪಟ್ಟಿಯಲ್ಲಿ ಅದು ನೂರಕ್ಕೆ ನೂರು ಯಶಸ್ಸು. ಗೆರೆಯ ಆಸುಪಾಸಿನಲ್ಲಿರುವ ಮಕ್ಕಳ ಮೇಲೆ ಮಾತ್ರ ಶ್ರಮ ಹಾಕು ಎಂದು ಈ ಅಳತೆ ಶಾಲೆಗೆ ಹೇಳಿಕೊಡುತ್ತದೆ. ಜನವರಿ ಬಂದರೆ ಪಾಠ ನಿಂತು 'ಪಾಸಿಂಗ್ ಪ್ಯಾಕೇಜ್' ಹೆಸರಿನ ಪ್ರಶ್ನೋತ್ತರ ಬಾಯಿಪಾಠ ಶುರುವಾಗುವುದು ಶಿಕ್ಷಕರ ಸೋಮಾರಿತನದಿಂದಲ್ಲ, ಅಳತೆ ಕೇಳುವುದೇ ಅದನ್ನು.

ಎರಡನೆಯದು, ಪರೀಕ್ಷೆಗೆ ಕುಳಿತವರು ಯಾರು ಎಂಬುದು. ಶೇಕಡಾವಾರು ಒಂದು ಭಿನ್ನರಾಶಿ. ಅದನ್ನು ಏರಿಸಲು ಎರಡು ದಾರಿಗಳಿವೆ: ಪಾಸಾದವರನ್ನು ಹೆಚ್ಚಿಸುವುದು, ಇಲ್ಲವೇ ಕುಳಿತವರನ್ನು ಕಡಿಮೆ ಮಾಡುವುದು. ಒಂಬತ್ತನೇ ತರಗತಿ ಮುಗಿದ ಮೇಲೆ ನಿಧಾನ ಕಲಿಕೆಯ ಮಗುವಿನ ಪೋಷಕರನ್ನು ಕರೆದು ಟಿ.ಸಿ. ತೆಗೆದುಕೊಳ್ಳುವಂತೆ ಸೂಚಿಸುವ ಖಾಸಗಿ ಶಾಲೆಯ ಫಲಿತಾಂಶ ಏರುತ್ತದೆ, ಆ ಮಗುವನ್ನು ಸೇರಿಸಿಕೊಳ್ಳಲೇಬೇಕಾದ ಸರ್ಕಾರಿ ಶಾಲೆಯದ್ದು ಇಳಿಯುತ್ತದೆ. ಎರಡೂ ಕಡೆ ಬೋಧನೆ ಒಂದಿಷ್ಟೂ ಬದಲಾಗಿರುವುದಿಲ್ಲ. ಸರ್ಕಾರಿ ಶಾಲೆಗಳೂ ಈ ಆಮಿಷದಿಂದ ಮುಕ್ತವಲ್ಲ, ಹಾಜರಾತಿ ಕಡಿಮೆಯಿರುವ ಮಗುವನ್ನು ಹುಡುಕಿ ಕರೆತರದೆ ಸುಮ್ಮನಿರುವುದು ಸುಲಭ. ಈ ವಿಷಯದಲ್ಲಿ ಹೆಚ್ಚು ಸ್ಪಷ್ಟವಾಗಿ ದಾಖಲಾದ ಉದಾಹರಣೆ ಅಮೆರಿಕದ ಟೆಕ್ಸಸ್ ರಾಜ್ಯದ ಹ್ಯೂಸ್ಟನ್ ನಗರದ್ದು. ಅಲ್ಲಿನ ಶಾರ್ಪ್‌ಸ್ಟೌನ್ ಹೈಸ್ಕೂಲು ಬಡ ಮತ್ತು ವಲಸಿಗ ಕುಟುಂಬಗಳ ಮಕ್ಕಳೇ ಹೆಚ್ಚಿದ್ದ ಸಾರ್ವಜನಿಕ ಶಾಲೆ. 2001-02ನೇ ಸಾಲಿನಲ್ಲಿ ತನ್ನಲ್ಲಿ ಒಬ್ಬ ವಿದ್ಯಾರ್ಥಿಯೂ ಶಾಲೆ ಬಿಟ್ಟಿಲ್ಲ ಎಂದು ಅದು ವರದಿ ಮಾಡಿತ್ತು. ಬಳಿಕ ನಗರದ 16 ಶಾಲೆಗಳಲ್ಲಿ ಹೊರಹೋದ ಸುಮಾರು 5,500 ವಿದ್ಯಾರ್ಥಿಗಳ ದಾಖಲೆಗಳ ಲೆಕ್ಕಪರಿಶೋಧನೆ ನಡೆದಾಗ, ಅವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯನ್ನು ಶಾಲೆ ಬಿಟ್ಟವರೆಂದೇ ನಮೂದಿಸಬೇಕಿತ್ತು ಎಂದು ತಿಳಿಯಿತು. ಹ್ಯೂಸ್ಟನ್ ಆ ಹೊತ್ತಿಗೆ ಇಡೀ ದೇಶಕ್ಕೆ ಮಾದರಿಯೆನಿಸಿದ್ದ ನಗರ. ಯಾವುದೇ ಸಂಖ್ಯೆಯ ಮೇಲೆ ಬಹುಮಾನ ಮತ್ತು ಶಿಕ್ಷೆ ನಿಂತರೆ ಆ ಸಂಖ್ಯೆಯೇ ಕೆಡುತ್ತದೆ ಎಂದು ಡೊನಾಲ್ಡ್ ಕ್ಯಾಂಪ್‌ಬೆಲ್ ಎಂಬ ಸಮಾಜವಿಜ್ಞಾನಿ 1970ರ ದಶಕದಲ್ಲೇ ಎಚ್ಚರಿಸಿದ್ದರು.

ಮೂರನೆಯದು, ಅಂದರೆ ಶಾಲೆಗೆ ಸೇರಿದವರು ಯಾರು ಎಂಬುದೇ ವಾದದ ತಿರುಳು. ಬೆಂಗಳೂರಿನಂಥ ನಗರದ ಸರ್ಕಾರಿ ಪ್ರೌಢಶಾಲೆಗೆ ಬರುವವರು ಆ ನಗರದ ಮಕ್ಕಳ ಪ್ರಾತಿನಿಧಿಕ ಗುಂಪಲ್ಲ. ಹಳ್ಳಿಯಲ್ಲಿ ಆಯ್ಕೆ ಕಡಿಮೆಯಿರುವ ಕಡೆ ಜಮೀನುಳ್ಳವರ ಮಗುವೂ ಕೂಲಿಯವರ ಮಗುವೂ ಒಂದೇ ಬೆಂಚಿನಲ್ಲಿ ಕೂರುವುದುಂಟು. ನಗರದಲ್ಲಿ ಬೀದಿಗೊಂದು ಕಾನ್ವೆಂಟು ಇರುವುದರಿಂದ ತಿಂಗಳಿಗೆ ಒಂದಿಷ್ಟು ಶುಲ್ಕ ಕಟ್ಟಬಲ್ಲ ಕುಟುಂಬವೆಲ್ಲ ಆ ಕಡೆ ಹೋಗಿರುತ್ತದೆ. ಸರ್ಕಾರಿ ಶಾಲೆಯಲ್ಲಿ ಉಳಿಯುವವರು ಗಾರೆ ಕೆಲಸದವರ, ಗಾರ್ಮೆಂಟ್ಸ್ ಕಾರ್ಮಿಕರ, ಮನೆಗೆಲಸದವರ, ಪೌರಕಾರ್ಮಿಕರ ಮಕ್ಕಳು. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಗುಳೆ ಬಂದವರಿರುತ್ತಾರೆ, ವರ್ಷದ ನಡುವೆ ಸೇರಿ ಕಟ್ಟಡದ ಕೆಲಸ ಮುಗಿದೊಡನೆ ಬಿಟ್ಟುಹೋಗುವವರಿರುತ್ತಾರೆ. ಮನೆಮಾತು ತೆಲುಗು, ತಮಿಳು, ಉರ್ದು, ಲಂಬಾಣಿ, ಹಿಂದಿ, ನೇಪಾಳಿ ಯಾವುದೂ ಇರಬಹುದು. ಪಠ್ಯದ ಭಾಷೆ ಹೆಚ್ಚಾಗಿ ಕನ್ನಡ ಅಥವಾ ಇಂಗ್ಲಿಷ್. ಓದಿನಲ್ಲಿ ನೆರವಾಗಬಲ್ಲ ದೊಡ್ಡವರು ಮನೆಯಲ್ಲಿ ಇರುವುದು ಅಪರೂಪ, ಟ್ಯೂಷನ್ ಇನ್ನೂ ಅಪರೂಪ. ನಗರಕ್ಕೆ ಸೌಲಭ್ಯ ಹೆಚ್ಚು, ಹಾಗಾಗಿ ಫಲಿತಾಂಶವೂ ಹೆಚ್ಚಿರಬೇಕು ಎಂಬ ಎಣಿಕೆ ತಲೆಕೆಳಗಾಗುವುದು ಇಲ್ಲಿಯೇ. 2024ರಲ್ಲಿ ಗ್ರಾಮೀಣ ಮಕ್ಕಳ ಫಲಿತಾಂಶ ಶೇ. 74.17, ನಗರದ್ದು ಶೇ. 72.83. ಮರುವರ್ಷ ನಗರ ತುಸು ಮುಂದೆ ಬಂದದ್ದರಿಂದ ಈ ಅಂತರಕ್ಕೆ ಹೆಚ್ಚು ಅರ್ಥ ಹಚ್ಚಬೇಕಿಲ್ಲ. ಕಟ್ಟಡ, ಬಸ್ಸು, ಗ್ರಂಥಾಲಯಗಳ ಸಾಮೀಪ್ಯ ತಾನಾಗಿ ಅಂಕವಾಗಿ ಬದಲಾಗುವುದಿಲ್ಲ ಎಂಬಷ್ಟು ಮಾತ್ರ ಇದರಿಂದ ಖಚಿತ.

ಸರಾಸರಿ ಹೇಗೆ ದಾರಿ ತಪ್ಪಿಸುತ್ತದೆ ಎಂಬುದಕ್ಕೆ ಒಂದು ಕಾಲ್ಪನಿಕ ಲೆಕ್ಕ ಸಾಕು. ಎರಡು ಶಾಲೆಗಳಲ್ಲಿ ತಲಾ ನೂರು ಮಕ್ಕಳಿದ್ದಾರೆ ಎಂದುಕೊಳ್ಳೋಣ. ಸರ್ಕಾರಿ ಶಾಲೆಯಲ್ಲಿ ಓದಿದ ತಂದೆತಾಯಿಯ ಮಕ್ಕಳು 20, ಓದದವರ ಮಕ್ಕಳು 80. ಖಾಸಗಿ ಶಾಲೆಯಲ್ಲಿ ಇದು ತಿರುಗುಮುರುಗು. ಸರ್ಕಾರಿ ಶಾಲೆ ಮೊದಲ ಗುಂಪಿನ 20ರಲ್ಲಿ 19 ಮಕ್ಕಳನ್ನು, ಎರಡನೇ ಗುಂಪಿನ 80ರಲ್ಲಿ 52 ಮಕ್ಕಳನ್ನು ಪಾಸು ಮಾಡಿಸಿತು. ಒಟ್ಟು 71. ಖಾಸಗಿ ಶಾಲೆ ಮೊದಲ ಗುಂಪಿನ 80ರಲ್ಲಿ 72, ಎರಡನೇ ಗುಂಪಿನ 20ರಲ್ಲಿ 11 ಮಕ್ಕಳನ್ನು ಪಾಸು ಮಾಡಿಸಿತು. ಒಟ್ಟು 83. ಗುಂಪುವಾರು ನೋಡಿದರೆ ಸರ್ಕಾರಿ ಶಾಲೆಯದ್ದು ಶೇ. 95 ಮತ್ತು 65, ಖಾಸಗಿಯದ್ದು ಶೇ. 90 ಮತ್ತು 55. ಎರಡೂ ಬಗೆಯ ಮಕ್ಕಳಿಗೆ ಸರ್ಕಾರಿ ಶಾಲೆಯೇ ಮೇಲು, ಒಟ್ಟು ಪಟ್ಟಿಯಲ್ಲಿ ಅದೇ ಹನ್ನೆರಡು ಅಂಶ ಕೆಳಗೆ. ಸಂಖ್ಯಾಶಾಸ್ತ್ರಜ್ಞರು ಇದನ್ನು ಸಿಂಪ್ಸನ್ ವಿರೋಧಾಭಾಸ ಎನ್ನುತ್ತಾರೆ. ಕರ್ನಾಟಕದ ಶಾಲೆಗಳಲ್ಲಿ ನಿಜಕ್ಕೂ ಹೀಗೇ ಆಗಿದೆ ಎಂದು ಈ ಲೆಕ್ಕ ಸಾಧಿಸುವುದಿಲ್ಲ. ಒಟ್ಟು ಸಂಖ್ಯೆಯೊಂದನ್ನೇ ಇಟ್ಟುಕೊಂಡರೆ ಹೀಗಾಗಿಲ್ಲ ಎಂದು ಹೇಳಲು ಯಾರಿಗೂ ಸಾಧ್ಯವಿಲ್ಲ ಎಂಬುದನ್ನು ಸಾಧಿಸುತ್ತದೆ, ವಾದಕ್ಕೆ ಅಷ್ಟು ಸಾಕು.

ಕಾಲ್ಪನಿಕವಲ್ಲದ ಎರಡು ಅಂಕಿಗಳು ಇದೇ ಕಡೆ ಬೊಟ್ಟು ಮಾಡುತ್ತವೆ. ಮೊದಲನೆಯದು, 2024ರಲ್ಲಿ ಹುಡುಗಿಯರ ಫಲಿತಾಂಶ ಶೇ. 81.11, ಹುಡುಗರದ್ದು ಶೇ. 65.90. ಬಹುಪಾಲು ಒಂದೇ ಕೊಠಡಿಯಲ್ಲಿ, ಒಬ್ಬರೇ ಶಿಕ್ಷಕರಿಂದ ಕಲಿತ ಈ ಎರಡು ಗುಂಪುಗಳ ನಡುವಿನ ಅಂತರ, ಸರ್ಕಾರಿ ಮತ್ತು ಅನುದಾನರಹಿತ ಶಾಲೆಗಳ ನಡುವಿನ ಅಂತರಕ್ಕಿಂತ ದೊಡ್ಡದು. ನಗರದ ಒಂದು ಬಾಲಕಿಯರ ಪ್ರೌಢಶಾಲೆ ಪಕ್ಕದ ಬಾಲಕರ ಪ್ರೌಢಶಾಲೆಗಿಂತ ಹತ್ತು ಅಂಶ ಮುಂದಿದ್ದರೆ ಅದರಲ್ಲಿ ಶಿಕ್ಷಕರ ಪಾಲು ಏನೂ ಇಲ್ಲದಿರಬಹುದು. (ಗಂಡುಮಕ್ಕಳನ್ನು ಖಾಸಗಿ ಶಾಲೆಗೂ ಹೆಣ್ಣುಮಕ್ಕಳನ್ನು ಸರ್ಕಾರಿ ಶಾಲೆಗೂ ಕಳಿಸುವ ಮನೆಗಳ ತಾರತಮ್ಯದಿಂದ ಸರ್ಕಾರಿ ಶಾಲೆಗೆ ಲಾಭವೇ ಆಗುತ್ತದೆ. ಮಕ್ಕಳ ಹಿನ್ನೆಲೆ ಯಾವಾಗಲೂ ಒಂದೇ ದಿಕ್ಕಿಗೆ ಎಳೆಯುವುದಿಲ್ಲ.) ಎರಡನೆಯದು, ಅದೇ ವರ್ಷ ಅನುದಾನಿತ ಶಾಲೆಗಳ ಫಲಿತಾಂಶ ಶೇ. 72.22, ಸರ್ಕಾರಿ ಶಾಲೆಗಳಿಗೆ ಬಹುತೇಕ ಸಮ. ಅನುದಾನಿತ ಶಾಲೆಗಳ ಆಡಳಿತ ಖಾಸಗಿಯವರದ್ದು, ಶುಲ್ಕ ಅಲ್ಪ, ಮಕ್ಕಳು ಹೆಚ್ಚಾಗಿ ಸರ್ಕಾರಿ ಶಾಲೆಗೆ ಬರುವಂಥ ಮನೆಗಳವರೇ. ಖಾಸಗಿ ಆಡಳಿತವೇ ಫಲಿತಾಂಶದ ಗುಟ್ಟಾಗಿದ್ದರೆ ಇಲ್ಲಿ ಅದು ಕಾಣಬೇಕಿತ್ತು. ಅನುದಾನಿತ ಶಾಲೆಗಳಲ್ಲೂ ಹುದ್ದೆಗಳು ಖಾಲಿಯಿವೆ, ಅವುಗಳ ಆಡಳಿತಕ್ಕೂ ಕೈಕಟ್ಟಿದೆ ಎಂದು ಆಕ್ಷೇಪಿಸಬಹುದು. ಆಕ್ಷೇಪ ಸರಿ, ಆದರೆ ಆಗ ಚರ್ಚೆ ಒಡೆತನದಿಂದ ಹುದ್ದೆಗಳ ಭರ್ತಿಯತ್ತ ಸರಿದಂತಾಯಿತು, ಅದು ಸರಿಯಬೇಕಾದದ್ದೂ ಅತ್ತಲೇ.

ಮಕ್ಕಳ ಆಯ್ಕೆಯನ್ನೂ ಶಾಲೆಯ ಕೊಡುಗೆಯನ್ನೂ ಬೇರ್ಪಡಿಸಿ ನೋಡಿದ ಅಧ್ಯಯನಗಳು ಕೆಲವಿವೆ. ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಆಂಧ್ರಪ್ರದೇಶದ ಹಳ್ಳಿಗಳಲ್ಲಿ ಲಾಟರಿ ಎತ್ತಿ ಕೆಲವು ಮಕ್ಕಳಿಗೆ ಖಾಸಗಿ ಶಾಲೆಯ ಶುಲ್ಕದ ವೋಚರ್ ಕೊಡುವ ಪ್ರಯೋಗ ಮಾಡಿದರು. ಚೀಟಿ ಯಾರಿಗೆ ಬರುತ್ತದೆಂಬುದು ಅದೃಷ್ಟಕ್ಕೆ ಬಿಟ್ಟದ್ದರಿಂದ ಎರಡು ಗುಂಪುಗಳ ಮನೆಯ ಹಿನ್ನೆಲೆ ಸಮವಾಗಿತ್ತು. ನಾಲ್ಕು ವರ್ಷಗಳ ಬಳಿಕ ತೆಲುಗು ಮತ್ತು ಗಣಿತದಲ್ಲಿ ಎರಡೂ ಗುಂಪುಗಳ ಮಟ್ಟ ಒಂದೇ ಆಗಿತ್ತು ಎಂದು 2015ರಲ್ಲಿ ಪ್ರಕಟವಾದ ಅವರ ಪ್ರಬಂಧ ಹೇಳುತ್ತದೆ. ಅದೇ ಪ್ರಬಂಧ ಖಾಸಗಿ ಶಾಲೆಗಳ ಪರವಾದ ಅಂಶಗಳನ್ನೂ ಮುಚ್ಚಿಡುವುದಿಲ್ಲ: ಹಿಂದಿಯಲ್ಲಿ ಆ ಮಕ್ಕಳು ಮುಂದಿದ್ದರು, ಮತ್ತು ಪ್ರತಿ ಮಗುವಿಗೆ ಆ ಶಾಲೆಗಳು ಮಾಡುತ್ತಿದ್ದ ಖರ್ಚು ಸರ್ಕಾರಿ ಶಾಲೆಯ ಮೂರನೇ ಒಂದಕ್ಕಿಂತ ಕಡಿಮೆ. ಪ್ರಾಥಮಿಕ ಹಂತದ ಗ್ರಾಮೀಣ ಪ್ರಯೋಗವನ್ನು ನಗರದ ಪ್ರೌಢಶಾಲೆಗೆ ನೇರವಾಗಿ ಅನ್ವಯಿಸಲಾಗದು. ಆದರೂ ಕಣ್ಣಿಗೆ ಕಾಣುವ ಅಂತರವನ್ನೆಲ್ಲ ಬೋಧನೆಗೆ ಸಲ್ಲಿಸುವ ಮುನ್ನ ನಿಲ್ಲಬೇಕೆಂಬುದಕ್ಕೆ ಅದು ಬಲವಾದ ಕಾರಣ. ಪ್ರೌಢಶಾಲೆಯ ಹಂತದ್ದೇ ಬೇಕೆಂದರೆ ಬಾಸ್ಟನ್ ಮತ್ತು ನ್ಯೂಯಾರ್ಕ್‌ನ ಸಾರ್ವಜನಿಕ ಶಾಲೆಗಳಿವೆ. ಬಾಸ್ಟನ್ ಲ್ಯಾಟಿನ್, ಸ್ಟೈವೆಸೆಂಟ್, ಬ್ರಾಂಕ್ಸ್ ಸೈನ್ಸ್ ಮುಂತಾದ ಹೆಸರಾಂತ ಶಾಲೆಗಳಿಗೆ ಪ್ರವೇಶ ಪರೀಕ್ಷೆಯಿದೆ. ಅದರಲ್ಲಿ ಕಟಾಫ್ ಅಂಕಕ್ಕಿಂತ ಕೂದಲೆಳೆಯಷ್ಟು ಮೇಲಿದ್ದು ಒಳಹೋದವರನ್ನೂ ಕೂದಲೆಳೆಯಷ್ಟು ಕೆಳಗಿದ್ದು ಹೊರಗುಳಿದವರನ್ನೂ ಹೋಲಿಸಿದ 2014ರ ಅಧ್ಯಯನಕ್ಕೆ, ಮುಂದಿನ ಪರೀಕ್ಷೆಗಳ ಅಂಕಗಳಲ್ಲಿ ಹೇಳಿಕೊಳ್ಳುವಂಥ ಅಂತರ ಸಿಗಲಿಲ್ಲ. ಕರ್ನಾಟಕದಲ್ಲೂ ಆರನೇ ತರಗತಿಗೆ ಪರೀಕ್ಷೆ ಬರೆಸಿ ಮಕ್ಕಳನ್ನು ಆರಿಸುವ ನವೋದಯ, ಆದರ್ಶ ವಿದ್ಯಾಲಯ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳ ಫಲಿತಾಂಶವನ್ನು ಬಾಗಿಲು ತೆರೆದಿಟ್ಟ ಶಾಲೆಯ ಫಲಿತಾಂಶದ ಪಕ್ಕ ಇಟ್ಟು ಹೀಗಳೆಯುವಾಗ ಈ ಮಾತು ನೆನಪಿರಬೇಕು. ಅವೂ ಸರ್ಕಾರಿ ಶಾಲೆಗಳೇ ಎಂಬುದನ್ನು ಮರೆತು 'ಸರ್ಕಾರಿ ಶಾಲೆ ಎಂದರೆ ಕಳಪೆ' ಎನ್ನುವವರೂ ಇದ್ದಾರೆ.

ಇಷ್ಟರ ಮೇಲೆ ಎದುರು ದಿಕ್ಕಿನ ಗೊಂದಲವೊಂದು ಸಲೀಸಾಗಿ ಹುಟ್ಟಿಕೊಳ್ಳುತ್ತದೆ: ಎಲ್ಲವೂ ಮನೆಯ ಹಿನ್ನೆಲೆಯಿಂದಲೇ ಎಂದಾದರೆ ಶಾಲೆ ಏನು ಮಾಡಿದರೂ ಅಷ್ಟೇ. ಶಿಕ್ಷಕರ ಕೊಠಡಿಗಳಲ್ಲಿ ಈ ಮಾತು ಆಗಾಗ ಕೇಳುತ್ತದೆ, ಅದಕ್ಕೆ ಒಂದು ಪ್ರಸಿದ್ಧ ಆಧಾರವೂ ಉಂಟು. ಅಮೆರಿಕದಲ್ಲಿ ಜೇಮ್ಸ್ ಕೋಲ್‌ಮನ್ ನೇತೃತ್ವದಲ್ಲಿ ಆರು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳ ಮಾಹಿತಿ ಆಧರಿಸಿ 1966ರಲ್ಲಿ ಹೊರಬಂದ ವರದಿ, ಮಕ್ಕಳ ಸಾಧನೆಯ ವ್ಯತ್ಯಾಸಗಳಿಗೆ ಶಾಲೆಯ ಸೌಕರ್ಯಗಳಿಗಿಂತ ಕುಟುಂಬದ ಹಿನ್ನೆಲೆಯೇ ಹೆಚ್ಚು ಹೊಂದಿಕೊಂಡಿದೆ ಎಂದು ತೋರಿಸಿತು. ಶಾಲೆಯಿಂದ ಏನೂ ಆಗುವುದಿಲ್ಲ ಎಂದು ಹಲವರು ಅದನ್ನು ಓದಿಕೊಂಡರು. ಈ ಓದಿನಲ್ಲಿ ತರ್ಕದ ದೋಷವಿದೆ. ವರದಿ ವಿವರಿಸಿದ್ದು ಶಾಲೆ ಶಾಲೆಗಳ ನಡುವಿನ ವ್ಯತ್ಯಾಸವನ್ನು. ಎಲ್ಲ ಶಾಲೆಗಳಲ್ಲೂ ಸಮನಾಗಿರುವುದು, ಅದರ ಪರಿಣಾಮ ಎಷ್ಟೇ ದೊಡ್ಡದಿದ್ದರೂ, ವ್ಯತ್ಯಾಸದ ಲೆಕ್ಕದಲ್ಲಿ ಕಾಣಿಸುವುದಿಲ್ಲ. ಎಲ್ಲ ಗದ್ದೆಗೂ ಒಂದೇ ಮಳೆ ಬಿದ್ದರೆ ಇಳುವರಿಯ ಹೆಚ್ಚುಕಡಿಮೆಗೆ ಮಳೆ ಕಾರಣವಲ್ಲ, ಹಾಗೆಂದು ಮಳೆಯಿಲ್ಲದೆ ಬೆಳೆ ಬರುವುದಿಲ್ಲ. ಶಾಲೆಯ ಗುಣಮಟ್ಟದ ಪ್ರಭಾವ ಹಿಂದುಳಿದ ಸಮುದಾಯಗಳ ಮಕ್ಕಳ ಮೇಲೆ ಹೆಚ್ಚು ಎಂಬುದನ್ನು ಅದೇ ವರದಿ ಹೇಳಿತ್ತು. ಆ ಭಾಗವನ್ನು ಉಲ್ಲೇಖಿಸುವವರು ಕಡಿಮೆ.

ಇನ್ನು ನಾಲ್ಕನೆಯದು, ಶಾಲೆ ಏನು ಕಲಿಸಿತು ಎಂಬುದು. ಅದನ್ನು ಅರಿಯಲು ಮಕ್ಕಳ ಕಲಿಕೆಯ ಮಟ್ಟ ಬೇರೆ, ಏರಿಕೆ ಬೇರೆ ಎಂಬುದನ್ನು ಗಮನಿಸಬೇಕು, ಷಿಕಾಗೊ ನಗರ ಅದನ್ನು ಚೆನ್ನಾಗಿ ತೋರಿಸಿದೆ. ಅಲ್ಲಿನ ಸಾರ್ವಜನಿಕ ಶಾಲೆಗಳ ಮಕ್ಕಳಲ್ಲಿ ಬಹುಪಾಲು ಕಡಿಮೆ ಆದಾಯದ ಕಪ್ಪುಜನ ಮತ್ತು ಹಿಸ್ಪಾನಿಕ್ ಕುಟುಂಬಗಳವರು. ಸರಾಸರಿ ಅಂಕ ರಾಷ್ಟ್ರಮಟ್ಟಕ್ಕಿಂತ ಕೆಳಗೆ, ನಗರದ ಶಾಲೆಗಳಿಗೆ ಅಂಟಿದ ಹೆಸರೂ ಹಾಗೆಯೇ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಷಾನ್ ರಿಯರ್ಡನ್ ಮತ್ತು ಸಹಲೇಖಕರು 2017ರಲ್ಲಿ ಅದೇ ಅಂಕಗಳನ್ನು ತರಗತಿಯಿಂದ ತರಗತಿಗೆ ಹಿಂಬಾಲಿಸಿ ನೋಡಿದಾಗ, ಮೂರನೇ ತರಗತಿಯಿಂದ ಎಂಟನೆಯದಕ್ಕೆ ಬರುವ ಐದು ವರ್ಷಗಳಲ್ಲಿ ಆ ಮಕ್ಕಳು ಸರಾಸರಿ ಆರು ವರ್ಷಗಳಷ್ಟು ಕಲಿಕೆ ಸಾಧಿಸುತ್ತಿದ್ದರು. ಅಮೆರಿಕದ ದೊಡ್ಡ ಶಾಲಾ ಜಿಲ್ಲೆಗಳ ಪೈಕಿ ಅದು ಎಲ್ಲಕ್ಕಿಂತ ವೇಗದ ಏರಿಕೆಗಳಲ್ಲೊಂದು. ಮಟ್ಟ ತೀರ್ಮಾನವಾಗಿದ್ದು ಬಹಳಷ್ಟು ಮನೆಯಲ್ಲಿ ಮತ್ತು ಶಾಲೆಗೆ ಮುಂಚಿನ ವರ್ಷಗಳಲ್ಲಿ, ಏರಿಕೆಯಲ್ಲಿ ಶಾಲೆಯ ಕೈವಾಡ ಹೆಚ್ಚು. ಶಾಲೆಯನ್ನು ಹೊಗಳುವುದಕ್ಕೂ ತೆಗಳುವುದಕ್ಕೂ ನೋಡಬೇಕಾದದ್ದು ಏರಿಕೆಯನ್ನು.

ಏರಿಕೆಯನ್ನು ಅಳೆಯುವುದೂ ನಿರುಪದ್ರವಿ ಕೆಲಸವಲ್ಲ. ಇಂಗ್ಲೆಂಡ್ 2006ರಿಂದ ಶಾಲೆಗಳ ಅಂಕಿಯನ್ನು ಮಕ್ಕಳ ಹಿಂದಿನ ಕಲಿಕೆಯ ಜೊತೆಗೆ ಬಡತನ, ಜನಾಂಗ, ಮನೆಮಾತುಗಳಿಗೂ ಹೊಂದಿಸಿ ಪ್ರಕಟಿಸುತ್ತಿತ್ತು. ಬಡ ಮಕ್ಕಳಿಂದ ಕಡಿಮೆಯನ್ನೇ ನಿರೀಕ್ಷಿಸುವುದನ್ನು ಇದು ಅಧಿಕೃತಗೊಳಿಸುತ್ತದೆ ಎಂಬ ಟೀಕೆ ಬಂದು ಕೆಲವೇ ವರ್ಷಗಳಲ್ಲಿ ಅದನ್ನು ಕೈಬಿಡಲಾಯಿತು. 2016ರಿಂದ ಜಾರಿಗೆ ಬಂದ ಪ್ರೋಗ್ರೆಸ್ 8 ಎಂಬ ಅಳತೆ ಪ್ರಾಥಮಿಕ ಹಂತದ ಅಂತ್ಯದಲ್ಲಿ ಮಗು ಎಲ್ಲಿತ್ತು ಎಂಬುದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿತು. ಟೀಕೆಯಲ್ಲಿ ಹುರುಳಿದೆ, ಮತ್ತು ಅದರ ಹಿಂದೆ ಇನ್ನೊಂದು ತೊಡಕೂ ಇದೆ. ಬಡ ಮಕ್ಕಳು ಹೆಚ್ಚಿರುವ ಶಾಲೆಗಳಲ್ಲೇ ಗಣಿತ, ವಿಜ್ಞಾನ, ಇಂಗ್ಲಿಷ್ ಶಿಕ್ಷಕರ ಹುದ್ದೆಗಳೂ ಹೆಚ್ಚು ಖಾಲಿಯಿದ್ದರೆ, ಬಡತನಕ್ಕಾಗಿ ಅಂಕಿಯನ್ನು ಹೊಂದಿಸುವಾಗ ಶಿಕ್ಷಕರ ಕೊರತೆಯೂ ಅದರೊಳಗೆ ಅಡಗಿಹೋಗುತ್ತದೆ, ಸರ್ಕಾರದ ಲೋಪ ಮನೆಯ ಹಿನ್ನೆಲೆಯ ಖಾತೆಗೆ ಹೋಗುತ್ತದೆ. 2025ರಲ್ಲಿ ದಕ್ಷಿಣ ಕನ್ನಡ ಶೇ. 91.12ರೊಂದಿಗೆ ಮೊದಲ ಸ್ಥಾನದಲ್ಲೂ ಕಲಬುರಗಿ ಶೇ. 42.43ರೊಂದಿಗೆ ಕೊನೆಯ ಸ್ಥಾನದಲ್ಲೂ ಇದ್ದವು. ಈ ಅಂತರವನ್ನು ಬಡತನದಿಂದಲೇ ವಿವರಿಸಿ ಮುಗಿಸುವುದು, ಶಿಕ್ಷಕರ ಆಲಸ್ಯದಿಂದಲೇ ವಿವರಿಸಿ ಮುಗಿಸುವುದು ಎರಡೂ ಸಮಾನ ತಪ್ಪು. ಹಿನ್ನೆಲೆಯ ಮಾಹಿತಿಯನ್ನು ಅಂಕಿಯ ಒಳಗೆ ಕರಗಿಸದೆ ಅದರ ಪಕ್ಕದಲ್ಲಿ ಇಡುವುದು ಮೇಲು.

ಹಾಗೆ ಇಡುವುದಕ್ಕೆ ಬೇಕಾದ ಸಾಮಗ್ರಿ ಬಹುಮಟ್ಟಿಗೆ ರಾಜ್ಯದಲ್ಲಿ ಈಗಾಗಲೇ ಇದೆ.

1. ವಿದ್ಯಾರ್ಥಿಗಳ ದಾಖಲೆಯಿಡುವ ರಾಜ್ಯದ 'ಸ್ಯಾಟ್ಸ್' ವ್ಯವಸ್ಥೆಯಲ್ಲಿ ಪ್ರತಿ ಮಗುವಿಗೂ ಒಂದು ಸಂಖ್ಯೆಯಿರುವುದರಿಂದ ಎಂಟನೇ ತರಗತಿಗೆ ಸೇರಿದ ನೂರು ಮಕ್ಕಳಲ್ಲಿ ಎಷ್ಟು ಮಂದಿ ಅದೇ ಶಾಲೆಯಿಂದ ಪರೀಕ್ಷೆಗೆ ಕುಳಿತರು, ಎಷ್ಟು ಮಂದಿ ಟಿ.ಸಿ. ಪಡೆದರು, ಎಷ್ಟು ಮಂದಿ ಕಾಣೆಯಾದರು ಎಂಬುದನ್ನು ತೆಗೆಯಬಹುದು. ಫಲಿತಾಂಶದ ಶೇಕಡಾವಾರನ್ನು ಕುಳಿತವರ ಮೇಲಲ್ಲದೆ ಸೇರಿದವರ ಮೇಲೂ ಲೆಕ್ಕ ಹಾಕಿ ಪ್ರಕಟಿಸಿದರೆ ಮಗುವನ್ನು ಹೊರದಬ್ಬುವುದರಿಂದ ಲಾಭ ಇರುವುದಿಲ್ಲ.

2. ಅಮೆರಿಕದಲ್ಲಿ 2002ರಲ್ಲಿ ಜಾರಿಗೆ ಬಂದ ಶಿಕ್ಷಣ ಕಾಯ್ದೆ ಪ್ರತಿ ಶಾಲೆಯ ಫಲಿತಾಂಶವನ್ನೂ ಬಡತನ, ಜನಾಂಗ, ಅಂಗವೈಕಲ್ಯ, ಭಾಷೆಗಳ ಪ್ರಕಾರ ಬಿಡಿಸಿ ತೋರಿಸುವುದನ್ನು ಕಡ್ಡಾಯ ಮಾಡಿತು. ಆ ಕಾಯ್ದೆಯ ದಂಡನೆಯ ಭಾಗ ವಿಫಲವೆನಿಸಿದರೂ ಈ ಭಾಗ ಉಳಿದುಕೊಂಡಿತು. ಕರ್ನಾಟಕದಲ್ಲಿ ಲಿಂಗ, ಮಾಧ್ಯಮ, ಆಡಳಿತವಾರು ಅಂಕಿಗಳು ರಾಜ್ಯಮಟ್ಟದಲ್ಲಿ ಹೊರಬರುತ್ತವೆ. ಶಾಲಾಮಟ್ಟದಲ್ಲೂ ಅವು ಬೇಕು, ಜೊತೆಗೆ ಆ ವರ್ಷ ಖಾಲಿಯಿದ್ದ ಹುದ್ದೆಗಳ ವಿವರವೂ.

3. ಕಲಿಕೆಯ ಆರಂಭದ ಬಿಂದು ಸಿಗಬಹುದಾದದ್ದು ಸೇತುಬಂಧದಲ್ಲಿ. ಶೈಕ್ಷಣಿಕ ವರ್ಷದ ಮೊದಲಿಗೆ ಹಿಂದಿನ ತರಗತಿಯ ಕಲಿಕೆಯನ್ನು ಪರೀಕ್ಷಿಸುವ ಈ ಕಾರ್ಯಕ್ರಮದ ಪೂರ್ವಪರೀಕ್ಷೆಯ ಅಂಕಗಳು ಶಾಲೆಯ ಕಡತದಲ್ಲೇ ಉಳಿಯುತ್ತವೆ.

ಮೂರನೆಯದಕ್ಕೆ ಗಂಭೀರ ಅಡ್ಡಿಯೊಂದಿದೆ. ಸೇತುಬಂಧದ ಅಂಕವನ್ನು ಶಾಲೆಯ ಮೌಲ್ಯಮಾಪನಕ್ಕೆ ಬಳಸುತ್ತಾರೆಂದು ಗೊತ್ತಾದ ದಿನವೇ ಆರಂಭದ ಅಂಕವನ್ನು ಕಡಿಮೆ ತೋರಿಸುವ ಆಮಿಷ ಹುಟ್ಟುತ್ತದೆ, ಕ್ಯಾಂಪ್‌ಬೆಲ್ ಹೇಳಿದ ಕಾಯಿಲೆ ಇಲ್ಲಿಗೂ ಬರುತ್ತದೆ. ರಾಜ್ಯದ ಪರೀಕ್ಷಾ ಮಂಡಳಿಯೇ ನಡೆಸುವ ಎಂಟನೇ ತರಗತಿಯ ಮೌಲ್ಯಾಂಕನ ಇದಕ್ಕೆ ಪರ್ಯಾಯವಾಗಬಹುದಿತ್ತು. 5, 8, 9ನೇ ತರಗತಿಗಳಿಗೆ ಅಂಥ ಪರೀಕ್ಷೆ ನಡೆಸುವ ರಾಜ್ಯದ ಯತ್ನ 2024ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಫಲಿತಾಂಶಕ್ಕೇ ತಡೆ ಬಿತ್ತು. ಮಗುವನ್ನು ಪಾಸು ಫೇಲು ಮಾಡದೆ, ಶಾಲೆಗೆ ಬಹುಮಾನ ದಂಡನೆ ಎರಡನ್ನೂ ಕಟ್ಟದೆ, ಆಯ್ದ ಶಾಲೆಗಳಲ್ಲಿ ಹೊರಗಿನವರು ನಡೆಸುವ ಮಾದರಿ ಸಮೀಕ್ಷೆ ಈಗಿನ ಸ್ಥಿತಿಯಲ್ಲಿ ಹೆಚ್ಚು ವ್ಯವಹಾರ್ಯ. ಅದರಿಂದ ಪ್ರತಿ ಶಾಲೆಗೂ ಕ್ರಮಾಂಕ ಸಿಗುವುದಿಲ್ಲ ನಿಜ. ಮೂವತ್ತು ಮಕ್ಕಳು ಪರೀಕ್ಷೆ ಬರೆಯುವ ಶಾಲೆಯಲ್ಲಿ ಇಬ್ಬರು ಮಕ್ಕಳ ಸೋಲುಗೆಲುವು ಫಲಿತಾಂಶವನ್ನು ಆರೇಳು ಅಂಶ ಆಚೀಚೆ ಮಾಡುತ್ತದೆ. ಶೂನ್ಯ ಫಲಿತಾಂಶದ ಶಾಲೆಗಳ ಪಟ್ಟಿಯಲ್ಲಿ 2024ರಲ್ಲೂ 2025ರಲ್ಲೂ ಹೆಚ್ಚಿನವು ಅನುದಾನರಹಿತ ಶಾಲೆಗಳೇ ಆಗಿದ್ದುದಕ್ಕೆ ಅವುಗಳಲ್ಲಿ ಕೆಲವೇ ಮಕ್ಕಳಿರುವುದೂ ಒಂದು ಕಾರಣವಿರಬಹುದು. ಇಷ್ಟು ಸಣ್ಣ ಸಂಖ್ಯೆಗಳ ಮೇಲೆ ಕಟ್ಟಿದ ವಾರ್ಷಿಕ ಕ್ರಮಾಂಕವನ್ನು, ಕನಿಷ್ಠ ಮೂರು ವರ್ಷಗಳ ಸರಾಸರಿಯಾಗಿಯಾದರೂ ನೋಡದ ಹೊರತು, ಶಾಲೆಯ ಬಗೆಗಿನ ಮಾಹಿತಿ ಎಂದು ಪರಿಗಣಿಸಲು ಆಧಾರವಿಲ್ಲ.